ಖಾಲಿ ಹೊಟ್ಟೆಯ ನಂಬರ್

ನನ್ನ ಗಂಡನ ಕಾಲಿಗೆ ಗಾಯವಾದದ್ದು ಮದುವೆಯಲ್ಲಿ ಕುಣಿದದ್ದರಿಂದ. ನನ್ನ ಅಕ್ಕನ ಮಗನ ಮದುವೆಗೆಂದು ಉಡುಪಿಯಲ್ಲಿ ಹೊಸ ಬೂಟು ತೆಗೆದುಕೊಂಡಿದ್ದರು. ಇದು ಬಿಗಿ ಎಂದು ನಾನು ಅಂಗಡಿಯಲ್ಲೇ ಹೇಳಿದ್ದೆ. ಹಾಕಿ ಹಾಕಿ ಸಡಿಲವಾಗುತ್ತದೆ ಎಂದು ಅಂಗಡಿಯವನು ಹೇಳಿದ. ಇವರಿಗೆ ಅವನ ಮಾತೇ ರುಚಿಸಿತು. ಸಂಜೆ ಮದುವೆ ಹಾಲ್‌ನಲ್ಲಿ ಬ್ಯಾಂಡಿನವರು ಶುರುಮಾಡಿದ ಮೇಲೆ ಇವರು ಕುರ್ಚಿಯಲ್ಲಿ ಕೂತದ್ದೇ ಇಲ್ಲ. ಮನೆಗೆ ಬಂದು ಸಾಕ್ಸ್ ಬಿಚ್ಚುವಾಗ ಬಲಗಾಲಿನ ಎರಡನೆಯ ಬೆರಳಿಗೆ ಬಟ್ಟೆ ರಕ್ತದಲ್ಲಿ ಅಂಟಿಕೊಂಡಿತ್ತು.

"ನೋವಾಗಲಿಲ್ಲವಾ?" ಎಂದು ಕೇಳಿದೆ.

"ಇಲ್ಲ ಮಾರಾಯ್ತಿ, ಗೊತ್ತೇ ಆಗಲಿಲ್ಲ" ಅಂದರು. ರಕ್ತಕ್ಕಿಂತ ಆ ಮಾತಿಗೆ ನನಗೆ ಹೆಚ್ಚು ಹೆದರಿಕೆಯಾಯಿತು.

ಅವರಿಗೆ ಗಲ್ಫಿನಲ್ಲಿದ್ದಾಗಲೇ ಶುಗರ್ ಬಂದಿತ್ತು. ಅಲ್ಲಿ ಒಂದು ಕಂಪೆನಿಯ ಗೋದಾಮಿನಲ್ಲಿ ಸ್ಟೋರ್ ಕೀಪರ್ ಆಗಿದ್ದವರು ಕೆಲಸ ಬಿಟ್ಟು ಬಂದು ಬೆಳ್ಮಣ್ಣಿನಲ್ಲಿ ನನ್ನ ಜೊತೆ ನೆಲೆಸಿದ್ದರು. ಅವರ ಅಣ್ಣನಿಗೂ ಇದೇ ಕಾಯಿಲೆ ಇತ್ತು, ಅವರದ್ದೂ ಬೆರಳಿನಿಂದಲೇ ಶುರುವಾಗಿತ್ತು. ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಕೊನೆಗೆ ಮೊಣಕಾಲಿನ ಕೆಳಗೆ ಏನೂ ಉಳಿಯಲಿಲ್ಲ. ಹಾಗಾಗಿ ಮಣಿಪಾಲದ ಡಾಕ್ಟರು ಗಾಯ ನೋಡಿ, "ಶುಗರ್ ಹತೋಟಿಗೆ ಬಂದರೆ ಇದು ಮಾಗುತ್ತದೆ. ಬಾರದಿದ್ದರೆ ಬೆರಳಿನ ಬಗ್ಗೆ ಯೋಚನೆ ಮಾಡಬೇಕಾಗುತ್ತದೆ" ಎಂದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬೆರಳಿನ ನಂತರ ಏನೇನು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಡ್ರಿಂಕ್ಸ್ ಉಂಟಾ?" ಎಂದು ಡಾಕ್ಟರು ಕೇಳಿದರು.

"ಫಂಕ್ಷನ್ನಿಗೆ ಮಾತ್ರ" ಅಂದರು ಇವರು. ನಾನೂ ಹೌದೆಂದು ತಲೆಯಾಡಿಸಿದೆ. ಗಾಯ ಮಾಗುವ ತನಕ ಅದೂ ಬೇಡ ಎಂದು ಡಾಕ್ಟರು ಹೇಳಿದರು. ಆ ಮಾತು ಎಲ್ಲ ಡಾಕ್ಟರುಗಳೂ ಎಲ್ಲರಿಗೂ ಹೇಳುವಂಥದ್ದು ಎಂದುಕೊಂಡೆ. ನಮ್ಮ ಕೊಂಕಣಿ ಕ್ರಿಶ್ಚಿಯನ್ ಮನೆಗಳಲ್ಲಿ ಕುಡಿಯುವುದು ಗುಟ್ಟಿನ ವಿಷಯವಲ್ಲ. ಮಗುವಿಗೆ ಹೆಸರಿಟ್ಟರೂ ಗ್ಲಾಸು, ಮದುವೆಯ ಮುನ್ನಾದಿನ ಮದುಮಗಳಿಗೆ ರೋಸ್ ಎಂದು ತೆಂಗಿನ ಹಾಲು ಹಚ್ಚಿದರೂ ಗ್ಲಾಸು. ಅದನ್ನು ಯಾರೂ ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮಗೆ ಶುಗರ್ ಎಂದರೆ ನಾಲಿಗೆಗೆ ಸಿಹಿಯಾಗುವ ವಸ್ತು: ಬೆಲ್ಲ, ತೆಂಗಿನ ಹಾಲಿನ ದೋದೋಲ್, ಕೇಕು, ಬೇಕರಿಯ ಬೆಣ್ಣೆ ಬಿಸ್ಕತ್ತು. ನನ್ನ ಯುದ್ಧವೆಲ್ಲ ಅವುಗಳ ಮೇಲೆಯೇ ನಡೆಯಿತು.

ನನ್ನ ಗುಣವನ್ನು ಇಲ್ಲೇ ಹೇಳಿಬಿಡುತ್ತೇನೆ. ನನಗೆ ಸಂಶಯ ಜಾಸ್ತಿ. ಮೀನಿನವಳು ತಾಜಾ ಎಂದು ಆಣೆ ಹಾಕಿದರೂ ನಾನು ಕಿವಿರು ಎತ್ತಿ ನೋಡದೆ ಬಂಗುಡೆ ತೆಗೆದುಕೊಂಡವಳಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಪರೀಕ್ಷೆಯ ಕೋಣೆಗೆ ನಾನು ಕಾಲಿಟ್ಟರೆ ಮಕ್ಕಳು ತಾವಾಗಿಯೇ ಚೀಟಿಗಳನ್ನು ಕಿಟಕಿಯಿಂದ ಎಸೆಯುತ್ತಿದ್ದರು. ನಿವೃತ್ತಿಯಾದ ಮೇಲೆ ಆ ಕಣ್ಣಿಗೆ ಕೆಲಸವಿಲ್ಲದೆ ಇತ್ತು. ಗಂಡನ ಗಾಯ ಅದಕ್ಕೆ ಪುನಃ ಕೆಲಸ ಕೊಟ್ಟಿತು.

ಸಕ್ಕರೆ ಡಬ್ಬಿ ಅಡುಗೆಮನೆಯಿಂದ ನನ್ನ ಸೀರೆಯ ಕಪಾಟಿಗೆ ಹೋಯಿತು. ಬೆಲ್ಲದ ಅಚ್ಚು ಅದರ ಹಿಂದೆ ಹೋಯಿತು. ಬೆಳ್ತಿಗೆ ಅಕ್ಕಿಯ ಬಿಳಿ ಅನ್ನ ನಿಲ್ಲಿಸಿ, ಸಪ್ಪೆಯಾಗಿರುವುದೆಲ್ಲ ಒಳ್ಳೆಯದೆಂದು ಬೆಳಿಗ್ಗೆ ಬಟ್ಟಲು ತುಂಬ ಕುಚ್ಚಲಕ್ಕಿ ಗಂಜಿ ಮತ್ತು ಸಂಜೆ ದೊಡ್ಡ ಲೋಟದಲ್ಲಿ ರಾಗಿ ಮಾಲ್ಟ್ ಕೊಟ್ಟೆ. ಇವರು ಪೇಟೆಗೆ ಹೋಗಿ ಬಂದರೆ ಅಂಗಿಯ ಜೇಬು ಮಗುಚಿ ನೋಡುತ್ತಿದ್ದೆ. ಬೆರಳುಗಳನ್ನು ಮೂಸಿ ನೋಡುತ್ತಿದ್ದೆ. ಹಲ್ವ ಮುಟ್ಟಿದ ಕೈಯ ತುಪ್ಪದ ವಾಸನೆ ಸೋಪು ಹಾಕಿದರೂ ಹೋಗುವುದಿಲ್ಲ, ಅದು ನನಗೆ ಗೊತ್ತುಂಟು. ಅವರು ಮೊದಮೊದಲು ನಗುತ್ತಿದ್ದರು. ಆಮೇಲೆ ನಾನು ಕೇಳುವ ಮೊದಲೇ ಎರಡೂ ಕೈ ಮುಂದೆ ಚಾಚತೊಡಗಿದರು.

ಹದಿನೈದು ದಿನಕ್ಕೊಮ್ಮೆ ಕಾರ್ಕಳದ ಲ್ಯಾಬಿನಲ್ಲಿ ಖಾಲಿ ಹೊಟ್ಟೆಯ ರಕ್ತ ಕೊಟ್ಟು ಅಲ್ಲಿಯ ನಮ್ಮ ಹಳೆಯ ಡಾಕ್ಟರಿಗೆ ರಿಪೋರ್ಟು ತೋರಿಸಬೇಕಿತ್ತು. ಮೊದಲ ಸಲ ನಂಬರ್ ಹೆಚ್ಚೇ ಇತ್ತು. ಅವತ್ತು ಮನೆಯಲ್ಲಿ ದೊಡ್ಡ ವಿಚಾರಣೆ ನಡೆಸಿದೆ. ಯಾರ ಮನೆಗೆ ಹೋದಿರಿ, ಎಂತ ಕೊಟ್ಟರು, ಎಷ್ಟು ತಿಂದಿರಿ. ಅವರು ದೇವರಾಣೆಗೂ ಇಲ್ಲ ಎಂದರು. ನಾನು ನಂಬಲಿಲ್ಲ. ಎರಡನೆಯ ಸಲ ನೂರ ಎಂಟು ಬಂತು. ಮೂರನೆಯ ಸಲವೂ ಹತ್ತಿರ ಹತ್ತಿರ ಅಷ್ಟೇ. ಡಾಕ್ಟರು ಬೆನ್ನು ತಟ್ಟಿ, "ಫಸ್ಟ್ ಕ್ಲಾಸ್, ಹೀಗೇ ಮುಂದುವರಿಸಿ" ಅಂದರು. ನಾನು ಮನೆಗೆ ಬಂದು ಅವರಿಗಿಷ್ಟವೆಂದು ಬಂಗುಡೆಯ ಹುಳಿಮುಂಚಿ ಸಾರು ಮಾಡಿದೆ. ಅವತ್ತು ಪ್ರಶ್ನೆ ಕೇಳಲಿಲ್ಲ.

ಆದರೆ ಗಾಯ ಒಣಗಲಿಲ್ಲ. ಡ್ರೆಸ್ಸಿಂಗ್ ಬಿಚ್ಚಿದಾಗಲೆಲ್ಲ ಬಟ್ಟೆ ಒದ್ದೆಯಾಗಿರುತ್ತಿತ್ತು, ಅಂಚು ಕಪ್ಪಾಗುತ್ತ ಹೋಗುತ್ತಿತ್ತು. ನಂಬರ್ ಅಷ್ಟು ಚೆಂದ ಉಂಟು, ಗಾಯ ಯಾಕೆ ಹೀಗೆ? ಗಣಿತದವಳಿಗೆ ಎರಡು ಕಡೆ ಸಮ ಬಾರದಿದ್ದರೆ ನಿದ್ದೆ ಬರುವುದಿಲ್ಲ. ಮನೆಯಲ್ಲೇ ಶುಗರ್ ನೋಡುವ ಒಂದು ಮೀಟರ್ ತಂದು ಮಧ್ಯಾಹ್ನ ಊಟದ ನಂತರ ಅವರ ಬೆರಳು ಚುಚ್ಚಿದೆ. ಇನ್ನೂರ ಅರವತ್ತು ದಾಟಿತ್ತು.

"ನಿನ್ನ ಮೀಟರ್ ಲಗಾಡಿ" ಅಂದರು.

ಇರಬಹುದು ಎಂದು ನನ್ನ ಬೆರಳನ್ನೂ ಚುಚ್ಚಿ ನೋಡಿದೆ, ನನ್ನದು ಸರಿಯಾಗಿಯೇ ಇತ್ತು. ಅಷ್ಟಕ್ಕೇ ಬಿಡದೆ ಮುಂದಿನ ಸಲ ಕಾರ್ಕಳಕ್ಕೆ ಹೋದಾಗ ನಾನೂ ಲ್ಯಾಬಿನಲ್ಲಿ ರಕ್ತ ಕೊಟ್ಟು, ಹೊರಗೆ ಬೆಂಚಿನಲ್ಲಿ ಕೂತು ಮೀಟರಿನಲ್ಲೂ ನೋಡಿದೆ. ಎರಡೂ ಹೆಚ್ಚು ಕಡಿಮೆ ಒಂದೇ. ಮೀಟರ್ ಸರಿ ಉಂಟು, ಲ್ಯಾಬೂ ಸರಿ ಉಂಟು. ಹಾಗಾದರೆ ಬೆಳಿಗ್ಗೆ ಒಳ್ಳೆಯವರಾಗಿರುವ ಇವರು ಮಧ್ಯಾಹ್ನದೊಳಗೆ ಎಲ್ಲೋ ಏನೋ ತಿನ್ನುತ್ತಿದ್ದಾರೆ. ನನ್ನ ತಲೆಗೆ ಹೊಳೆದದ್ದು ಅಷ್ಟೇ.

ಆಗಲೇ ಅವರ ತಂಗಿಯ ಮೊಮ್ಮಗಳಿಗೆ ಹೆಸರಿಡುವ ಜ್ಞಾನಸ್ನಾನ ಬಂತು. ಕಾರ್ಕಳದಲ್ಲಿ ಪಾರ್ಟಿ. ನಾನು ಅವರ ಎದುರು ಕುರ್ಚಿ ಹಾಕಿಕೊಂಡು ಕೂತೆ. ಕೇಕು ಬಂತು, ಬೇಡವೆಂದರು. ದೋದೋಲ್ ಬಂತು, ನನ್ನ ಮುಖ ನೋಡಿ ಬೇಡವೆಂದರು. ಮಗುವಿನ ಹೆಸರಿನಲ್ಲಿ ಟೋಸ್ಟ್ ಎತ್ತುವಾಗ ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನು ಕುಡಿದರು. ಟೋಸ್ಟಿಗೆ ಖಾಲಿ ಕೈಯಲ್ಲಿ ನಿಲ್ಲಲಾಗುತ್ತದೆಯೇ? ನಾನೂ ಕುಡಿದೆ. ಆಮೇಲೆ ಅವರ ಕೈಯಲ್ಲಿ ಇನ್ನೊಂದು ಗ್ಲಾಸು ಕಂಡು, "ಅದರಲ್ಲಿ ಎಂತ ಉಂಟು?" ಎಂದು ಕೇಳಿದೆ.

"ಒಂದೇ ಪೆಗ್. ಬ್ರಾಂಡಿ, ಲೈಮ್ ಸೋಡಾ. ಸ್ವೀಟ್ ಇಲ್ಲ" ಅಂದರು. ಊಟಕ್ಕೆ ಹಂದಿ ಮಾಂಸ ಮತ್ತು ಸನ್ನಾ ಬಡಿಸಿದರು. ಸನ್ನಾ ಎಂದರೆ ಅಕ್ಕಿ ಹಿಟ್ಟಿಗೆ ಕಳ್ಳು ಹಾಕಿ ಉಬ್ಬಿಸಿ ಬೇಯಿಸಿದ ಬಿಳಿ ಇಡ್ಲಿ. ಒಂದರ ಮೇಲೊಂದು ಹಾಕಿಸಿಕೊಂಡರು. ಸಿಹಿಯಲ್ಲವಲ್ಲ ಎಂದು ನಾನೇ ಇನ್ನೊಂದು ಹಾಕಿಸಿದೆ. ಬಟಾಟೆ ಚಾಪ್ಸ್ ಬಂದದ್ದೂ ಹೋದದ್ದೂ ನನಗೆ ಗೊತ್ತಾಗಲಿಲ್ಲ. ಒಂದು ತುಂಡು ಸಿಹಿ ಅವರ ಬಾಯಿಗೆ ಹೋಗಲಿಲ್ಲ ಎಂದು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತಿದ್ದೆ.

ಮನೆಗೆ ಬಂದು ಮೀಟರ್ ಹಿಡಿದರೆ ಮುನ್ನೂರರ ಮೇಲೆ! ನನಗೆ ಮೈಯೆಲ್ಲ ಉರಿಯಿತು. ನಾನು ಕೈ ತೊಳೆಯಲು ಹೋದ ಹೊತ್ತಿನಲ್ಲಿ ತಂಗಿ ಅಣ್ಣನಿಗೆ ದೋದೋಲ್ ಕೊಟ್ಟಿರಬೇಕು. ಕೂಡಲೇ ಫೋನ್ ಮಾಡಿ ಕೇಳಿದೆ. ಕೇಳಿದ ರೀತಿಯೂ ಚೆಂದ ಇರಲಿಲ್ಲ. ನಾದಿನಿ ಅತ್ತಳು, ಆಮೇಲೆ ನನ್ನೊಡನೆ ಮಾತು ಬಿಟ್ಟಳು. ಅವಳ ಅಳುವಿನ ಮೇಲೂ ನನಗೆ ಸಂಶಯವಿತ್ತು.

ಇನ್ನೊಂದು ವಿಷಯ ನನ್ನ ಮೂಗಿಗೆ ಬಿದ್ದಿತ್ತು. ಲ್ಯಾಬಿಗೆ ಹೋಗುವ ಹಿಂದಿನ ಸಂಜೆ ಇವರು ಪಕ್ಕದ ಮನೆಗೆ ಕೇರಂ ಆಡಲು ಹೋಗುತ್ತಿದ್ದರು. ಪಕ್ಕದ ಮನೆಯವರೂ ಗಲ್ಫಿನಿಂದ ಬಂದವರು, ಅವರಿಗೂ ಶುಗರ್ ಉಂಟು. ಲೋಕದ ಎಲ್ಲ ಕಾಯಿಲೆಗೂ ಅವರ ಹತ್ತಿರ ಮದ್ದುಂಟು. ಬಿಯರ್ ಎಂದರೆ ಬಾರ್ಲಿ ನೀರು, ಕಿಡ್ನಿಗೆ ಒಳ್ಳೆಯದು ಎಂದು ಒಮ್ಮೆ ನನಗೇ ಪಾಠ ಹೇಳಿದ್ದರು. ಅಲ್ಲಿಂದ ಬಂದಾಗ ಇವರ ಬಾಯಲ್ಲಿ ಲವಂಗ ಇರುತ್ತಿತ್ತು. "ಹಲ್ಲು ನೋವು" ಎನ್ನುತ್ತಿದ್ದರು. "ನಾಳೆ ಟೆಸ್ಟ್ ಉಂಟಲ್ಲ, ಅನ್ನ ಬೇಡ" ಎಂದು ಊಟ ಬಿಟ್ಟು, ಮಾತ್ರೆ ನುಂಗಿ ಮಲಗುತ್ತಿದ್ದರು. ಊಟ ಬಿಟ್ಟದ್ದು ಶಿಸ್ತು ಎಂದು ನನಗೆ ಸಂತೋಷವೇ ಆಗುತ್ತಿತ್ತು. ಲವಂಗ ಮಾತ್ರ ಚುಚ್ಚುತ್ತಿತ್ತು. ಅಲ್ಲಿ ಹಲ್ವ ತಿಂದು ಅದರ ವಾಸನೆ ಮುಚ್ಚುತ್ತಿದ್ದಾರೆ ಎಂದುಕೊಂಡು ಕೈ ಹಿಡಿದು ಮೂಸಿದೆ. ತುಪ್ಪದ ವಾಸನೆ ಇರಲಿಲ್ಲ. ಕೇರಂ ಪೌಡರಿನ ವಾಸನೆ ಇತ್ತು.

ಮಣಿಪಾಲಕ್ಕೆ ಪುನಃ ಹೋಗುವ ದಿನ ಬಂತು. ಖಾಲಿ ಹೊಟ್ಟೆಯಲ್ಲಿ ಬನ್ನಿ, ಎಲ್ಲ ಪರೀಕ್ಷೆ ಮಾಡಿ ಬೆರಳಿನ ವಿಷಯ ತೀರ್ಮಾನ ಮಾಡೋಣ ಎಂದಿದ್ದರು. ಹಿಂದಿನ ಸಂಜೆ ಕೇರಂ ಆಯಿತು, ಲವಂಗ ಆಯಿತು, ಊಟ ಬಿಟ್ಟದ್ದೂ ಆಯಿತು. ಬೆಳಿಗ್ಗೆ ಬೇಗ ಕಾರ್ಕಳದಿಂದ ಬರುವ ಉಡುಪಿ ಬಸ್ಸು ಹತ್ತಿದೆವು. ಮಣಿಪಾಲದ ಲ್ಯಾಬಿನ ಮೇಲೂ ಒಂದು ಕಣ್ಣಿರಲಿ ಎಂದು ನಾನು ಮೀಟರನ್ನು ಬ್ಯಾಗಿಗೆ ಹಾಕಿಕೊಂಡಿದ್ದೆ.

ಪಡುಬಿದ್ರಿಯ ತನಕ ಅವರು ಸುಮ್ಮನೆ ಕೂತಿದ್ದರು. ಹೆದ್ದಾರಿಗೆ ತಿರುಗಿದ ಮೇಲೆ ನೋಡುತ್ತೇನೆ, ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿದೆ. ಕಿಟಕಿಯಿಂದ ತಣ್ಣನೆ ಗಾಳಿ ಬರುತ್ತಿತ್ತು. "ಎಂತ ಆಯಿತು?" ಎಂದೆ. ನನ್ನ ಮುಖವನ್ನು ಗುರುತಿಲ್ಲದವರ ಹಾಗೆ ನೋಡಿದರು.

"ಕಂಟೈನರ್ ಬಂತಾ? ಸೈನ್ ಮಾಡಬೇಡ, ಮೊದಲು ಎಣಿಸು" ಎಂದರು. ನಾಲಿಗೆ ತೊದಲುತ್ತಿತ್ತು. ಎದ್ದು ನಿಂತು ಎದುರಿನ ಸೀಟಿನವರ ಹೆಗಲು ಹಿಡಿದು ಅಲುಗಾಡಿಸಿ, "ಈ ಡಬ್ಬ ಯಾರು ಇಲ್ಲಿ ಇಟ್ಟದ್ದು?" ಎಂದು ಹಿಂದಿಯಲ್ಲಿ ಗದರಿಸಿದರು. ಅವರನ್ನು ಎಳೆದು ಕೂರಿಸಲು ನಾನು ಹತ್ತಿರ ಬಾಗಿದೆ. ಆಗ ವಾಸನೆ ಬಂತು. ಬ್ರಾಂಡಿ.

ಎದುರಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಕಂಡಕ್ಟರ್ ಬಂದ.

"ಎಂತ ಬಾಯಮ್ಮ ಇದು, ಬೆಳಿಗ್ಗೆ ಬೆಳಿಗ್ಗೆ? ಬಸ್ಸಲ್ಲಿ ಹೆಂಗಸರು ಮಕ್ಕಳು ಇದ್ದಾರೆ. ಪೊರ್ಬುಗಳನ್ನು ಕಾಪುವಿನಲ್ಲಿ ಇಳಿಸಿ, ನಶೆ ಸ್ವಲ್ಪ ಇಳಿದ ಮೇಲೆ ಬೇರೆ ಬಸ್ಸಲ್ಲಿ ಬನ್ನಿ." ನಮ್ಮ ಜನರನ್ನು ತುಳುವರು ಮರ್ಯಾದೆಯಿಂದ ಕರೆಯುವುದು ಬಾಯಮ್ಮ, ಪೊರ್ಬುಗಳು ಎಂದು. ಅವತ್ತು ಆ ಮರ್ಯಾದೆಯೇ ಕೆನ್ನೆಗೆ ಹೊಡೆದಂತಾಯಿತು.

ನಾಚಿಕೆಯಿಂದ ನನಗೆ ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ಲವಂಗದ ಅರ್ಥ ಒಂದೇ ಕ್ಷಣದಲ್ಲಿ ಆಯಿತು. ಬೆರಳು ಹೋಗುತ್ತದೋ ಉಳಿಯುತ್ತದೋ ಎಂದು ತಿಳಿಯುವ ದಿನ ಕುಡಿದು ಬಂದಿದ್ದಾರಲ್ಲ, ಇಲ್ಲೇ ಇಳಿಸಿ ಒಬ್ಬಳೇ ಮನೆಗೆ ಹೋಗಿಬಿಡಲೇ ಅನ್ನಿಸಿತು. ಆದರೆ ಕಾಪುವಿನಲ್ಲಿ ಇಳಿಸುವಾಗ ಹಿಡಿದ ಕೈ ಐಸ್ ಪೆಟ್ಟಿಗೆಯ ಮೀನಿನ ಹಾಗೆ ತಣ್ಣಗೆ, ಒದ್ದೆ. ಅಂಗಿ ಬೆನ್ನಿಗೆ ಅಂಟಿತ್ತು. ನಿನ್ನೆ ಸಂಜೆ ಕುಡಿದದ್ದು ಇಷ್ಟು ಹೊತ್ತಿಗೆ ಇಳಿಯಬೇಕು, ಏರುವುದು ಹೇಗೆ? ಬೆಳ್ಮಣ್ಣಿನಲ್ಲಿ ಸರಿಯಾಗಿ ಬಸ್ಸು ಹತ್ತಿದವರು ದಾರಿಯಲ್ಲಿ ಅಮಲೇರಿಸಿಕೊಂಡರೇ? ಲೆಕ್ಕ ಕೂಡಲಿಲ್ಲ. ಬಸ್ಸು ಹೊರಟುಹೋಯಿತು. ಅದು ಟೈಮಿನ ಬಸ್ಸು, ಯಾರಿಗೂ ಕಾಯುವುದಿಲ್ಲ.

ಹೋಟೆಲೊಂದರ ಎದುರಿನ ಬೆಂಚಿನಲ್ಲಿ ಅವರನ್ನು ಕೂರಿಸಿ ಬೆರಳು ಚುಚ್ಚಿದೆ. ನಲವತ್ತೆರಡು. ತಂದಾಗಿನಿಂದ ಆ ಮೀಟರ್ ಅಂಥ ನಂಬರ್ ತೋರಿಸಿರಲಿಲ್ಲ. ಮೀಟರ್ ಕೆಟ್ಟಿತೇ ಎಂದು ಒಂದು ಗಳಿಗೆ ಅನ್ನಿಸಿದರೂ ಅದನ್ನು ಪರೀಕ್ಷೆ ಮಾಡಿ ಪಾಸು ಮಾಡಿದವಳು ನಾನೇ ತಾನೇ. ಎಪ್ಪತ್ತಕ್ಕಿಂತ ಇಳಿದರೆ ಕೂಡಲೇ ಸಿಹಿ ಕೊಡಬೇಕೆಂದು ಅದರ ಪೆಟ್ಟಿಗೆಯ ಚೀಟಿಯಲ್ಲಿ ಓದಿದ್ದೆ.

"ಸಕ್ಕರೆ ಕೊಡಿ! ನೀರಿಗೆ ಸಕ್ಕರೆ ಹಾಕಿ ಕೊಡಿ, ಬೇಗ!" ಎಂದು ಹೋಟೆಲಿನೊಳಗೆ ಕೂಗಿದೆ.

ಚಹಾ ಕುಡಿಯುತ್ತಿದ್ದ ಗಂಡಸೊಬ್ಬರು ಎದ್ದು ಬಂದರು. ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ಪೇಪರು. "ಇವರಿಗೆ ಶುಗರ್ ಉಂಟಾ?" ಎಂದು ಮೀಟರ್ ನೋಡಿ ಕೇಳಿದರು.

"ಉಂಟು."

"ಮತ್ತೆ ಸಕ್ಕರೆ ಕೊಡುವುದಾ? ಸಾಯಿಸ್ತೀರಾ ಅವರನ್ನು? ಕುಡಿದದ್ದು ಜಾಸ್ತಿ ಆದದ್ದು ಅಷ್ಟೇ. ಹುಳಿ ಮಜ್ಜಿಗೆ ಕೊಡಿ, ನಶೆ ಇಳೀತದೆ." ಹೋಟೆಲಿನವರು ಸಕ್ಕರೆ ಹಾಕಿದ ಚಮಚ ಹಿಡಿದುಕೊಂಡು ಅವರ ಮುಖ ಒಮ್ಮೆ, ನನ್ನ ಮುಖ ಒಮ್ಮೆ ನೋಡುತ್ತ ನಿಂತರು.

ಇವರ ತಲೆ ಎದೆಗೆ ಬೀಳುತ್ತಿತ್ತು. ತರಗತಿಯಲ್ಲಿ ಕೊನೆಯ ಬೆಂಚಿಗೆ ಕೇಳಿಸಲು ಇಟ್ಟುಕೊಂಡಿದ್ದ ಸ್ವರ ನನಗೆ ಇನ್ನೂ ಉಂಟು ಎಂದು ಅವತ್ತು ಗೊತ್ತಾಯಿತು. "ನಿಮ್ಮ ಬುದ್ಧಿ ನಿಮ್ಮ ಮನೆಯಲ್ಲಿಟ್ಟುಕೊಳ್ಳಿ! ನನ್ನ ಗಂಡ, ನಾನು ಕೊಡ್ತೇನೆ!" ಎಂದು ಗ್ಲಾಸು ಕಿತ್ತುಕೊಂಡೆ. ತಲೆ ಎತ್ತಿ ಹಿಡಿದು ತುಟಿಗೆ ಇಟ್ಟೆ. ಮೊದಲ ಗುಟುಕು ಗಲ್ಲದ ಮೇಲೆ ಹೋಯಿತು, ಎರಡನೆಯದು ನುಂಗಿದರು. ಗ್ಲಾಸು ಖಾಲಿಯಾಯಿತು, ಇನ್ನೊಂದು ಬಂತು. ನೋಡುತ್ತ ನೋಡುತ್ತ ಕಣ್ಣಿಗೆ ನೋಟ ಮರಳಿತು. ಹೋಟೆಲಿನವರು ಬಿಸಿ ಬಿಸಿ ಬನ್ಸ್ ತಂದಿಟ್ಟರು. ಬಾಳೆಹಣ್ಣು, ಸಕ್ಕರೆ, ಮೈದಾ ಕಲಸಿ ಕರಿದದ್ದು. ಅದರ ಎಣ್ಣೆಯ ಕಲೆಗಾಗಿ ನಾನು ಅವರ ಎಷ್ಟು ಜೇಬು ಹುಡುಕಿರಲಿಲ್ಲ! ಅದನ್ನೇ ಹರಿದು ಹರಿದು ನನ್ನ ಕೈಯಾರೆ ತಿನ್ನಿಸಿದೆ.

"ನಾವು ಎಲ್ಲಿದ್ದೇವೆ?" ಎಂದು ಕೇಳಿದರು.

"ಕಾಪುವಿನಲ್ಲಿ."

"ಬಸ್ಸು?"

"ಹೋಯಿತು" ಎಂದೆ. ಇಸ್ತ್ರಿ ಅಂಗಿಯವರು ತಮ್ಮ ಚಹಾದ ಕಡೆ ಹೋಗಿದ್ದರು. ಯಾರೋ ಒಂದು ಕಾರು ಗೊತ್ತು ಮಾಡಿಕೊಟ್ಟರು, ಮಣಿಪಾಲಕ್ಕೆ ಅದರಲ್ಲಿ ಹೋದೆವು. ದಾರಿಯಲ್ಲಿ ಅವರು ಬಾಯಿ ಬಿಟ್ಟರು. ಪರೀಕ್ಷೆಯ ಹಿಂದಿನ ಸಂಜೆ ಬ್ರಾಂಡಿ ಕುಡಿದು ಅನ್ನ ಬಿಟ್ಟರೆ ಬೆಳಿಗ್ಗೆ ನಂಬರ್ ಇಳಿಯುತ್ತದೆ ಎಂದು ಪಕ್ಕದ ಮನೆಯವರು ಹೇಳಿಕೊಟ್ಟಿದ್ದರಂತೆ. ಮಾಡಿ ನೋಡಿದರೆ ಇಳಿದೇ ಬಿಟ್ಟಿತಂತೆ. ಇದು ದೊಡ್ಡ ಆಸ್ಪತ್ರೆಯ ಟೆಸ್ಟ್ ಅಲ್ಲವೇ ಎಂದು ನಿನ್ನೆ ಒಂದಷ್ಟು ಹೆಚ್ಚೇ ಕುಡಿದರಂತೆ. ಮಕ್ಕಳ ಎಷ್ಟೋ ಬಗೆಯ ಕಾಪಿ ಹಿಡಿದವಳು ನಾನು. ರಕ್ತದಲ್ಲಿ ಕಾಪಿ ಹೊಡೆಯಬಹುದು ಎಂದು ನನಗೆ ಹೊಳೆದಿರಲಿಲ್ಲ.

ಡಾಕ್ಟರು ಎಲ್ಲ ಕೇಳಿ ಬೈಯಲಿಲ್ಲ. ನೀವು ಏನು ಕೆಲಸ ಮಾಡುತ್ತಿದ್ದಿರಿ ಎಂದು ಇವರನ್ನು ಕೇಳಿದರು. ಸ್ಟೋರ್ ಕೀಪರ್ ಎಂದರು.

"ಹಾಗಾದರೆ ನಿಮಗೆ ಸುಲಭವಾಗಿ ಅರ್ಥವಾಗುತ್ತದೆ. ನಿಮ್ಮ ಲಿವರ್ ಒಂದು ಗೋದಾಮು. ಹೊಟ್ಟೆ ಖಾಲಿ ಇರುವಾಗ ರಕ್ತಕ್ಕೆ ಸಕ್ಕರೆ ಬಿಡುವುದು ಅದು. ಮದ್ಯ ಬಂತೆಂದರೆ ಅದು ಬೇರೆ ಕೆಲಸ ಬಿಟ್ಟು ಮೊದಲು ಆ ಲೋಡನ್ನು ಇಳಿಸಲು ಹೋಗುತ್ತದೆ. ಸಕ್ಕರೆ ಹೊರಗೆ ಬರುವುದು ನಿಧಾನವಾಗುತ್ತದೆ. ನೀವು ಊಟವನ್ನೂ ಬಿಟ್ಟಿರಿ, ಮೇಲಿಂದ ಶುಗರ್ ಇಳಿಸುವ ಮಾತ್ರೆ. ಬೆಳಿಗ್ಗೆ ನಂಬರ್ ಇಳಿಯದೆ ಏನು ಮಾಡುತ್ತದೆ? ಇಷ್ಟು ದಿನ ಎಲ್ಲಿಯೂ ಬೀಳದೆ ಇದ್ದದ್ದೇ ದೊಡ್ಡದು." ಆಮೇಲೆ ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯ ಫಲಿತಾಂಶ ತೋರಿಸಿದರು. ಏಳರ ಒಳಗಿರಬೇಕಾದದ್ದು ಹತ್ತರ ಮೇಲಿತ್ತು. ಆ ಪರೀಕ್ಷೆಗೆ ಒಂದು ಸಂಜೆಯ ಬ್ರಾಂಡಿ ಸಾಲುವುದಿಲ್ಲ ಎಂದರು.

ನಂತರ ಆಹಾರದ ವಿಷಯ ಹೇಳುವ ಹುಡುಗಿ ಬಂದಳು. ನನ್ನ ಶಿಷ್ಯೆಯರ ಪ್ರಾಯದವಳು. ಬೆಳಿಗ್ಗೆಯಿಂದ ಸಂಜೆಯ ತನಕ ಎಂತೆಂತ ಕೊಡುತ್ತೀರಿ ಎಂದು ಕೇಳಿದಳು. ನಾನು ಹೆಮ್ಮೆಯಿಂದಲೇ ಹೇಳಿದೆ.

"ಕುಚ್ಚಲಕ್ಕಿ ಗಂಜಿ ಬಟ್ಟಲು ತುಂಬ ಅಂದ್ರೆ ಎಷ್ಟು ಮೇಡಂ?"

"ಸಪ್ಪೆ ಗಂಜಿ. ಸಕ್ಕರೆ ಮುಟ್ಟಿಸುವುದಿಲ್ಲ."

"ಸಪ್ಪೆ ಆದ್ರೂ ಅಕ್ಕಿಯೇ ಅಲ್ವಾ? ರಾಗಿಯೂ ಹಾಗೇ, ದೊಡ್ಡ ಲೋಟ ಜಾಸ್ತಿ ಆಯ್ತು." ಜ್ಞಾನಸ್ನಾನದ ದಿನದ ಮುನ್ನೂರನ್ನು ಅವಳ ಮುಂದಿಟ್ಟು, ಆ ಹೊತ್ತು ಒಂದು ತುಂಡು ಸಿಹಿ ತಿಂದಿರಲಿಲ್ಲ ಎಂದೆ. ಏನು ಕುಡಿದರು ಎಂದಳು. ಮನೆಯ ವೈನಿಗೆ ದ್ರಾಕ್ಷಿಯ ಜೊತೆ ಎಷ್ಟು ಸಕ್ಕರೆ ಸುರಿಯುತ್ತೀರಿ ಎಂದಳು. ಬ್ರಾಂಡಿಗೆ ಹಾಕಿದ ಲೈಮ್ ಸೋಡಾ ಸಾದಾ ಸೋಡಾವೋ ಬಾಟಲಿಯ ಸಿಹಿ ಪಾನೀಯವೋ ಎಂದು ಇವರನ್ನು ಕೇಳಿದಳು. ಬಾಟಲಿಯದ್ದು ಎಂದು ಇವರು ಗೋಡೆ ನೋಡಿಕೊಂಡು ಹೇಳಿದರು. ಸನ್ನಾ ಅಕ್ಕಿಯದ್ದು, ಚಾಪ್ಸ್ ಬಟಾಟೆಯದ್ದು. ಬಿಯರಿನ ಬಾರ್ಲಿಯೂ ಧಾನ್ಯವೇ ಎಂದಳು. ಒಂದೊಂದಾಗಿ ಬಿಡಿಸಿಟ್ಟಾಗ ಆ ಮುನ್ನೂರರ ಲೆಕ್ಕದಲ್ಲಿ ತಂಗಿಯ ದೋದೋಲಿಗೆ ಜಾಗವೇ ಇರಲಿಲ್ಲ. ನನಗೆ ಆ ಹುಡುಗಿಯ ಮೇಲೆ ಸಿಟ್ಟು ಬಂತು. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಬೆರಳಿಗೆ ಸಮಯ ಮೀರಿತ್ತು. ಸೋಂಕು ಮೂಳೆಗೆ ಇಳಿದಿದೆ, ಈಗ ತೆಗೆದರೆ ಪಾದ ಉಳಿಸಿಕೊಳ್ಳಬಹುದು ಎಂದರು. ಇವರು ತಲೆಯಾಡಿಸಿ ಸಹಿ ಹಾಕಿದರು.

ಅವತ್ತು ಸಂಜೆ ವಾರ್ಡಿನಲ್ಲಿ ನಾನು ತಡೆದುಕೊಳ್ಳಲಿಲ್ಲ. "ಯಾರಿಗೆ ಮೋಸ ಮಾಡಿದಿರಿ? ಡಾಕ್ಟರಿಗಾ? ಬೆರಳು ಅವರದ್ದಾ?" ಎಂದು ಕೇಳಿದೆ. ಪಕ್ಕದ ಹಾಸಿಗೆಯವರು ಕೇಳಿಸಿಕೊಳ್ಳುತ್ತಿದ್ದರು. ಕೇಳಿಸಿಕೊಳ್ಳಲಿ.

ಅವರು ಹೊದಿಕೆಯನ್ನು ಕಾಲಿನ ಮೇಲೆ ಎಳೆದುಕೊಂಡರು. ಆಮೇಲೆ ಮೆಲ್ಲ ಹೇಳಿದರು, "ಡಾಕ್ಟರಿಗೆ ಅಲ್ಲ. ನಿನಗೆ. ನಂಬರ್ ಒಳ್ಳೆಯದು ಬಂದ ದಿನ ನೀನು ನನ್ನ ಕೈ ಮೂಸುತ್ತಿರಲಿಲ್ಲ. ನಾನು ಏನೂ ತಿಂದಿರಲಿಲ್ಲ. ಮೊದಲ ಸಲ ಹೆಚ್ಚು ಬಂತಲ್ಲ, ಆಗಲೂ ತಿಂದಿರಲಿಲ್ಲ. ದೇವರಾಣೆಗೂ ಇಲ್ಲ ಎಂದೆ. ನೀನು ನಂಬಿದ್ದು ಲ್ಯಾಬಿನ ರಿಪೋರ್ಟನ್ನು, ಮೀಟರನ್ನು. ನನ್ನನ್ನು ನಂಬಲಿಲ್ಲ."

"ನಾನು ಸಂಶಯ ಪಡದೆ ಇದ್ದಿದ್ದರೆ ಕಾಪುವಿನ ಬೆಂಚಿನಲ್ಲೇ ಮುಗಿಯುತ್ತಿತ್ತು ನಿಮ್ಮ ಕಥೆ" ಎಂದೆ.

"ಅದೂ ಹೌದು" ಅಂದರು. ಜಗಳವಾಡಲು ಅವರಲ್ಲಿ ಶಕ್ತಿ ಇರಲಿಲ್ಲ. ನನ್ನಲ್ಲಿ ಇತ್ತು, ಆದರೆ ಎದುರಿಗೆ ಯಾರೂ ಇಲ್ಲದ ಹಾಗಾಯಿತು. ಸಿಟ್ಟು ಈಗಲೂ ಪೂರ್ತಿ ಹೋಗಿಲ್ಲ. ಅವರು ಹೇಳಿದ್ದು ನಿಜವಲ್ಲ ಎಂದು ಹೇಳಲು ಅವತ್ತೂ ಆಗಲಿಲ್ಲ, ಇವತ್ತೂ ಆಗುವುದಿಲ್ಲ.

ಬೆರಳು ತೆಗೆದರು. ಪಾದ ಉಳಿಯಿತು. ಮರುದಿನ ಬೆಳಿಗ್ಗೆ ಕಿಟಕಿಯ ಪರದೆ ಸರಿಸಿ ನರ್ಸ್ ಬಂದು ಅವರ ಕೈ ಬೆರಳು ಚುಚ್ಚಿದಳು. ಮೀಟರ್ ಕೂಗಿತು.

"ಸ್ವಲ್ಪ ಜಾಸ್ತಿ ಉಂಟು" ಅಂದಳು ಅವಳು.

ಎಷ್ಟು ಎಂದು ಅವರು ಕೇಳಲಿಲ್ಲ. ಕಾಲಿನ ಬ್ಯಾಂಡೇಜನ್ನೂ ನೋಡಲಿಲ್ಲ, ಮೀಟರನ್ನೂ ನೋಡಲಿಲ್ಲ. ಹೆದರಿದ ಕಣ್ಣುಗಳಿಂದ ನನ್ನ ಮುಖ ನೋಡಿದರು. ನೋಡುತ್ತಲೇ, ನಾನು ಏನೂ ಕೇಳುವ ಮೊದಲು, ಎರಡೂ ಕೈಗಳನ್ನು ನನ್ನ ಮೂಗಿನ ಕಡೆಗೆ ಚಾಚಿದರು.

ನರ್ಸ್ ಇದೇನೆಂದು ನಮ್ಮಿಬ್ಬರನ್ನೂ ನೋಡಿದಳು. ನಾನು ಆ ಕೈಗಳನ್ನು ಹೇಗಾದರೂ ಕೆಳಗಿಳಿಸಬೇಕೆಂದು ಹಿಡಿದುಕೊಂಡೆ, ಮತ್ತೆ ಬಿಡಲು ಗೊತ್ತಾಗಲಿಲ್ಲ.